ಮೋರಿಯ ಬಾಯಲ್ಲಿ ತಡೆದ ಮೀನು

ಕಾಡುರಸ್ತೆ ತೊರೆಯನ್ನು ದಾಟುವಲ್ಲಿ ಕೊಳವೆಯೊಂದನ್ನು ಹೂಳಿ ಮಣ್ಣು ಮುಚ್ಚಿದರೆ ಬಂಡಿಗೂ ದಾರಿಯಾಯಿತು, ನೀರಿಗೂ ದಾರಿಯಾಯಿತು. ಮೀನಿಗೆ? ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಸಾಲ್ಮನ್ ಮೀನುಗಳು ಮೊಟ್ಟೆಯಿಡಲು ಕಡಲಿನಿಂದ ತಮ್ಮ ಹುಟ್ಟುತೊರೆಗೆ ಮರಳುತ್ತವೆ.

ಹರಿವು ಅಷ್ಟೇ ಇದ್ದು ದಾರಿ ಕಿರಿದಾದರೆ ನೀರಿನ ವೇಗ ಹೆಚ್ಚಲೇಬೇಕು. ತೊರೆಯಲ್ಲಾದರೋ ಕಲ್ಲಿನ ಮರೆಯಲ್ಲಿ ಮೀನು ದಣಿವಾರಿಸಿಕೊಳ್ಳಬಹುದು; ಕೊಳವೆಯಲ್ಲಿ ಆ ಆಸರೆಯಿಲ್ಲ. ಮೇಲಾಗಿ, ರಭಸದಿಂದ ಹೊರಬಿದ್ದ ನೀರು ಕೆಳಗಿನ ತಳವನ್ನು ಕೊರೆದು, ಕಾಲಕ್ರಮದಲ್ಲಿ ಕೊಳವೆಯ ಬಾಯಿ ನೀರಿನಿಂದ ಮೇಲೆ ತೂಗತೊಡಗುತ್ತದೆ. ನೀರಿನ ಈ ಇಳಿತ 24 ಸೆಂಟಿಮೀಟರನ್ನು ಮೀರಿದರೆ ಅಲ್ಲಿನ ಪರೀಕ್ಷಕರು ಮೋರಿಯನ್ನು ತಡೆಯೆಂದೇ ಎಣಿಸುತ್ತಾರೆ. ಬಲಿತ ಸಾಲ್ಮನ್ ಇದಕ್ಕಿಂತ ಎಷ್ಟೋ ಎತ್ತರಕ್ಕೆ ನೆಗೆಯಬಲ್ಲುದಲ್ಲವೇ ಎಂದು ವಾಚಕರು ಕೇಳಬಹುದು. ನಿಜ, ಆದರೆ ಅಳತೆಗೆ ಹಿಡಿದಿರುವುದು ಗೇಣುದ್ದವೂ ಇಲ್ಲದ, 15 ಸೆಂಟಿಮೀಟರಿನ ಟ್ರೌಟ್ ಮೀನನ್ನು. ಇದು ನ್ಯಾಯವೆಂದೇ ನನಗೆ ತೋರುತ್ತದೆ.

ಮೋರಿಯ ಮೇಲ್ಗಡೆ ಜಲ್ಲಿಯ ತಳ, ನೆರಳು, ಮಡುಗಳು ಎಷ್ಟು ದೂರದವರೆಗಿವೆಯೆಂಬುದನ್ನೂ ನಡೆದು ನೋಡಬೇಕು. ಯಾವುದನ್ನು ಮೊದಲು ಸರಿಪಡಿಸುವುದೆಂಬುದಕ್ಕೆ ಅದೇ ಆಧಾರ.

1850ರ ದಶಕದ ಒಪ್ಪಂದಗಳಲ್ಲಿ ಮೂಲನಿವಾಸಿಗಳು ಭೂಮಿಯನ್ನು ಬಿಟ್ಟುಕೊಟ್ಟರೂ ಮೀನುಗಾರಿಕೆಯ ಹಕ್ಕನ್ನು ಉಳಿಸಿಕೊಂಡಿದ್ದರು. ಮೀನೇ ಬಾರದಿದ್ದರೆ ಹಕ್ಕೆಲ್ಲಿ? ರಾಜ್ಯದ ಒಡೆತನದ ತಡೆಮೋರಿಗಳನ್ನು ಸರಿಪಡಿಸಬೇಕೆಂದು 2013ರಲ್ಲಿ ನ್ಯಾಯಾಲಯ ಆಜ್ಞಾಪಿಸಿತು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶರು ನಾಲ್ಕು-ನಾಲ್ಕಾಗಿ ಒಡೆದುದರಿಂದ ಆ ಆಜ್ಞೆಯೇ ಉಳಿಯಿತು.