ಮೋಡದ ಬೆನ್ನು

ಜುಲೈ ತಿಂಗಳಲ್ಲಿ ಗುಂಡ್ಲುಪೇಟೆ ಕಡೆಯ ಹೊಲದ ಬದುವಿನ ಮೇಲೆ ನಿಂತರೆ ಕೇಳುವ ಮಾತು ಒಂದೇ: ‘ಮೋಡ ಏನೋ ಕಟ್ತದ, ಮಳ ಮಾತ್ರ ಬರಲ್ಲ.’ ಪಡುವಣದಿಂದ ಕರಿಮೋಡಗಳು ಒಂದರ ಹಿಂದೊಂದು ಓಡಿ ಬರುತ್ತವೆ, ನಾಲ್ಕು ಹನಿ ಉದುರಿಸಿ ಚಾಮರಾಜನಗರದತ್ತ ಹೊರಟುಬಿಡುತ್ತವೆ. ಯಾಕೆ ಹೀಗೆ ಎಂಬುದು ನನಗೆ ಮನದಟ್ಟಾದದ್ದು ಅದೇ ಮೋಡಗಳ ಬೆನ್ನನ್ನು ಮೇಲಿನಿಂದ ನೋಡಿದ ಮೇಲೆ.

ಸುಮಾರು 36,000 ಕಿ.ಮೀ. ಎತ್ತರದಲ್ಲಿ ನಮ್ಮ ಇನ್ಸಾಟ್-3ಡಿಆರ್ (2016), ಇನ್ಸಾಟ್-3ಡಿಎಸ್ (2024) ಉಪಗ್ರಹಗಳಿವೆ. ಭೂಮಿಯ ಜೊತೆಜೊತೆಗೇ ತಿರುಗುವುದರಿಂದ ಅವು ನಮ್ಮ ಕಣ್ಣಿಗೆ ಒಂದೇ ಕಡೆ ನಿಂತಂತೆ. ಅವು ಮತ್ತೆ ಮತ್ತೆ ತೆಗೆಯುವ ಚಿತ್ರಗಳನ್ನು ಹವಾಮಾನ ಇಲಾಖೆಯ ಮತ್ತು ಇಸ್ರೋದ ಮೋಸ್‌ಡ್ಯಾಕ್ ಜಾಲತಾಣಗಳಲ್ಲಿ ಯಾರು ಬೇಕಾದರೂ ನೋಡಬಹುದು. ಅವುಗಳಲ್ಲಿ ಅತಿರಕ್ತ, ಅಂದರೆ ಇನ್‌ಫ್ರಾರೆಡ್ ಚಿತ್ರ ಹಿಡಿಯುವುದು ಬೆಳಕನ್ನಲ್ಲ, ಶಾಖವನ್ನು. ಮೋಡದ ನೆತ್ತಿ ಎತ್ತರಕ್ಕೆ ಹೋದಷ್ಟೂ ತಂಪು. ತಂಪಾದಷ್ಟೂ ಚಿತ್ರದಲ್ಲಿ ಬಿಳಿ. ನೆಲದಿಂದ ಕಾಡಿಗೆಯಂತೆ ಕಾಣುವ ನಮ್ಮ ಜುಲೈ ಮೋಡ ಅಲ್ಲಿ ಮಾಸಲು ಬೂದು ಬಣ್ಣಕ್ಕೆ ಇಳಿದಿರುತ್ತದೆ. ಅದು ತಗ್ಗಿನ ಮೋಡ, ತೆಳುವಾದ ಮೋಡ. ಕಪ್ಪಾದದ್ದೆಲ್ಲ ಮಳೆಯಲ್ಲ ಎಂದು ಆ ಬೂದು ಬಣ್ಣವೇ ಹೇಳುತ್ತದೆ.

ಅರಬ್ಬಿ ಸಮುದ್ರದ ಗಾಳಿ ವಯನಾಡು, ನೀಲಗಿರಿ ಬೆಟ್ಟಗಳನ್ನು ಏರುವಾಗ ತನ್ನ ನೀರನ್ನು ಅಲ್ಲೇ ಸುರಿದುಬಿಡುತ್ತದೆ. ಈಚೆಗೆ ಇಳಿಯುವಾಗ ಗಾಳಿ ಬಿಸಿಯಾಗುತ್ತದೆ, ಮೋಡ ಕರಗುತ್ತದೆ. ವಯನಾಡಿನಲ್ಲಿ ವರ್ಷದ ಮಳೆ 2,000 ಮಿ.ಮೀ. ದಾಟಿದರೆ ನಮ್ಮ ಬಯಲಿಗೆ ಸಿಗುವುದು ಅದರ ಅರ್ಧಕ್ಕೂ ಕಡಿಮೆ. ವಯನಾಡಿನಿಂದ ಮುತ್ತಂಗದ ಕಾಡು ದಾಟಿ ಬರುವ ಬಸ್ಸಿನ ಕಿಟಕಿಯಲ್ಲಿ ಕಾಣುವ ಆ ಬದಲಾವಣೆ, ಉಪಗ್ರಹದ ಚಿತ್ರದಲ್ಲಿ ಯಾರೋ ಗೆರೆ ಎಳೆದಂತೆ ಕಾಣುತ್ತದೆ.

ನಿಜವಾದ ಸಡಗರ ಭರಣಿ ಮಳೆಯ ದಿನಗಳದ್ದು. ಏಪ್ರಿಲ್ ಕೊನೆ, ಮೇ ಮೊದಲ ವಾರ. ಮಧ್ಯಾಹ್ನ ಬೆಟ್ಟದ ಸಾಲಿನ ಮೇಲೆ ಸಾಸಿವೆ ಕಾಳಿನಷ್ಟು ಬಿಳಿ ಮೂಡುತ್ತದೆ. ಮುಂದಿನ ಚಿತ್ರದಲ್ಲಿ ಕಡಲೆ ಕಾಳು. ಸಂಜೆಯ ಹೊತ್ತಿಗೆ ಅಂಗೈ ಅಗಲ ಹರಡಿ ತಾಲ್ಲೂಕನ್ನೇ ಮುಚ್ಚಿರುತ್ತದೆ. ಈ ಚಿತ್ರದ ಒಂದು ಚುಕ್ಕೆ ಎಂದರೆ 4 ಕಿ.ಮೀ.; ಗುಂಡ್ಲುಪೇಟೆಗೂ ಚಾಮರಾಜನಗರಕ್ಕೂ ನಡುವೆ ಏಳೆಂಟೇ ಚುಕ್ಕೆ. ಅಷ್ಟರಲ್ಲೇ ಒಂದೂರಿಗೆ ಆಲಿಕಲ್ಲು, ಪಕ್ಕದೂರಿಗೆ ಬರೀ ದೂಳು.

ಮಳೆಹನಿಗೆ ಬಡಿದು ಮರಳುವ ಅಲೆಯಿಂದ ಮಳೆಯನ್ನು ಅಂದಾಜಿಸುವ ಡಾಪ್ಲರ್ ರಾಡಾರ್ ಕೊಚ್ಚಿಯಲ್ಲಿದೆ, ಇಲ್ಲಿಂದ ಸುಮಾರು 200 ಕಿ.ಮೀ. ಅದರ ಕಿರಣವನ್ನು ನೆಲಕ್ಕೆ ಅರ್ಧ ಡಿಗ್ರಿಯಷ್ಟೇ ಓರೆಯಾಗಿ ಬಿಟ್ಟರೂ, ಭೂಮಿ ಬಾಗಿರುವುದರಿಂದ ನಮ್ಮಲ್ಲಿಗೆ ಬರುವಾಗ ಅದು 4 ಕಿ.ಮೀ. ಮೇಲೇರಿರುತ್ತದೆ. ನಡುವೆ ನೀಲಗಿರಿ ಬೇರೆ ಅಡ್ಡ. ಹಾಗಾಗಿ ಎತ್ತರದ ಗುಡುಗುಮೋಡ ಅದರ ಕಣ್ಣಿಗೆ ಬಿದ್ದೀತು, ಜುಲೈನ ತಗ್ಗಿನ ತುಂತುರು ಬೀಳದು. ಆ ಕೊರತೆ ತುಂಬುವುದು ಗ್ರಾಮ ಪಂಚಾಯಿತಿಗಳಲ್ಲಿ ನಿಂತಿರುವ ರಾಜ್ಯದ ಮಳೆಮಾಪಕಗಳು.

ನೆಲವನ್ನು ನೋಡಲು ಯುರೋಪಿನ ಸೆಂಟಿನೆಲ್-2 ಇದೆ. ಅದರ ಚುಕ್ಕೆ 10 ಮೀಟರ್. ಒಂದು ಎಕರೆ ಚೆಂಡುಹೂವಿನ ಹೊಲಕ್ಕೆ ನಲವತ್ತು ಚುಕ್ಕೆ! 2019ರ ಫೆಬ್ರವರಿಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಸುತ್ತ ಬಂಡೀಪುರ ಹತ್ತಿ ಉರಿದಾಗ, ಸುಟ್ಟ ಕಾಡಿನ ಅಳತೆಯನ್ನು ಹೈದರಾಬಾದಿನ ರಾಷ್ಟ್ರೀಯ ದೂರ ಸಂವೇದಿ ಕೇಂದ್ರ ಲೆಕ್ಕ ಹಾಕಿದ್ದು ಉಪಗ್ರಹ ಚಿತ್ರಗಳಿಂದಲೇ. ಹತ್ತು ಸಾವಿರ ಎಕರೆಗೂ ಹೆಚ್ಚು. ಹಸಿರೆಲೆ ಬರಿಗಣ್ಣಿಗೆ ಕಾಣದ ಸಮೀಪ ಅತಿರಕ್ತ ಬೆಳಕನ್ನು ಹೆಚ್ಚಾಗಿ ಹಿಂದಕ್ಕೆಸೆಯುತ್ತದೆ, ಕರಕಲು ನುಂಗಿಬಿಡುತ್ತದೆ. ಆ ಬೆಳಕನ್ನು ಕೆಂಪಾಗಿ ತೋರಿಸುವ ಚಿತ್ರದಲ್ಲಿ ಕಾಡಿನ ಹಸಿರಿಗೆ ಕೆಂಪು, ಸುಟ್ಟಲ್ಲಿಗೆ ಕಪ್ಪು. ಆ ಕಪ್ಪನ್ನು ನೋಡುವಾಗ ಹೊಟ್ಟೆ ಉರಿಯುತ್ತದೆ.

ಹೂವಿನ ಹೊಲ ಅರಳುವ ಮಳೆಗಾಲದಲ್ಲೇ ಸೆಂಟಿನೆಲ್-2ಕ್ಕೆ ಮೋಡ ಅಡ್ಡ. ಆಗ ನೆರವಿಗೆ ಬರುವುದು ಉಪಗ್ರಹದ ರಾಡಾರ್. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ನಿಸಾರ್, ನಾಸಾ ಮತ್ತು ಇಸ್ರೋ ಕೂಡಿ ಕಟ್ಟಿದ್ದು. ಅದರ ಅಲೆಗಳಿಗೆ ಮೋಡವೂ ಇಲ್ಲ, ಇರುಳೂ ಇಲ್ಲ. ಓರೆಯಾಗಿ ಬಿದ್ದ ಅಲೆ ಒರಟು ನೆಲಕ್ಕೆ ಬಡಿದು ಮರಳುತ್ತದೆ. ನಿಂತ ನೀರಿನ ಮೇಲೆ ಜಾರಿ ಆಚೆ ಹೋಗುತ್ತದೆ. ಅದಕ್ಕೇ ರಾಡಾರ್ ಚಿತ್ರದಲ್ಲಿ ಕೆರೆ ಎಂದರೆ ಕಪ್ಪು ಮಚ್ಚೆ. ಈ ಸೀಮೆಗೆ ಒಳ್ಳೆಯ ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆ ಎರಡು ತಿಂಗಳ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ಸುವರ್ಣಾವತಿ ಜಲಾಶಯವನ್ನು ಹುಡುಕಿ, ಆಮೇಲೆ ನಿಮ್ಮೂರ ಕೆರೆಯನ್ನು. ಮಚ್ಚೆ ಎಷ್ಟು ಅಗಲವಾಗಿದೆ ನೋಡಿ.