ಸೆಲ್ ಹಾಕಿದರಷ್ಟೇ ಸಾಲದು, ಯಾವ ಸೆಲ್ ಅಂತ ಹೇಳಲೂ ಬೇಕು!

ಮಗಳು ದಾಂಡೇಲಿ ಕಡೆ ಚಾರಣಕ್ಕೆ ಹೊರಟಿದ್ದಾಳೆಯೇ? ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಓದುವ ಮಗ ಮಣ್ಣಿನ ಮಾದರಿ ತರಲು ಹೊಲ ಹೊಲ ಸುತ್ತುತ್ತಾನೆಯೇ? ಹಾಗಿದ್ದರೆ ಅವರ ಬ್ಯಾಗಿನಲ್ಲಿ ಕೈಯಲ್ಲಿ ಹಿಡಿಯುವ ಜಿಪಿಎಸ್ ಯಂತ್ರ ಇರಬಹುದು. ಮೊಬೈಲ್ ಚಾರ್ಜ್ ಮುಗಿದರೆ ಕಾಡಿನಲ್ಲಿ ಪ್ಲಗ್ ಎಲ್ಲಿಂದ ಬರಬೇಕ್ರೀ? ಇದಕ್ಕಾದರೆ ಎರಡು ಪೆನ್ಸಿಲ್ ಸೆಲ್ ಬದಲಿಸಿದರೆ ಆಯ್ತು. ಬುತ್ತಿ ಕಟ್ಟುವಾಗ ಆ ಸೆಲ್ ಕಡೆಗೂ ಒಮ್ಮೆ ಕಣ್ಣು ಹಾಯಿಸಿ.

ಯಂತ್ರದ ಪರದೆಯ ಮೇಲಿನ ಬ್ಯಾಟರಿ ಚಿತ್ರ ವೋಲ್ಟೇಜ್ ನೋಡಿ ಅಂದಾಜು ಹೇಳುತ್ತದೆ, ಅಷ್ಟೇ. ಆಲ್ಕಲೈನ್ ಸೆಲ್ 1.5 ವೋಲ್ಟ್‌ನದು. ಎಣ್ಣೆ ತೀರುವ ದೀಪದಂತೆ ಮೆಲ್ಲಗೆ ಇಳಿಯುತ್ತದೆ. ರೀಚಾರ್ಜ್ ಮಾಡುವ ಎನ್‌ಐಎಂಎಚ್ ಸೆಲ್ 1.2 ವೋಲ್ಟ್‌ನದು. ಅದು ಗ್ಯಾಸ್ ಒಲೆ ಇದ್ದಂತೆ. ಕೊನೆಯವರೆಗೂ ಉರಿ ಒಂದೇ ಸಮ, ಆಮೇಲೆ ಒಮ್ಮೆಗೇ ಗಪ್!

ಒಳಗೆ ರೀಚಾರ್ಜ್ ಸೆಲ್ ಇದ್ದು, ಯಂತ್ರದಲ್ಲಿ ‘ಆಲ್ಕಲೈನ್’ ಎಂದಿದ್ದರೆ ತುಂಬಿದ ಸೆಲ್ಲನ್ನೂ ಅರ್ಧ ಖಾಲಿ ಎನ್ನುತ್ತದೆ. ಉಲ್ಟಾ ಆದರೆ ಇನ್ನೂ ಅಪಾಯ. ಅರ್ಧ ತೀರಿದ ಆಲ್ಕಲೈನ್ ಸೆಲ್ಲನ್ನು ಭರ್ತಿ ಎಂದು ತೋರಿಸಿ, ಸಂಜೆ ಹೊತ್ತಿಗೆ ನಡುದಾರಿಯಲ್ಲಿ ಕೈಕೊಡಬಹುದು.

ಇಷ್ಟು ಮಾಡಿ:

* ಗಾರ್ಮಿನ್ ಇ-ಟ್ರೆಕ್ಸ್‌ನ ಹಲವು ಮಾದರಿಗಳಲ್ಲಿ ‘ಸೆಟಪ್’, ಅದರೊಳಗೆ ‘ಸಿಸ್ಟಂ’, ಅಲ್ಲಿ ‘ಬ್ಯಾಟರಿ ಟೈಪ್’ ಇರುತ್ತದೆ. ಹಾಕಿದ ಸೆಲ್ ಯಾವುದೋ ಅದನ್ನೇ ಆರಿಸಿ. ಸೆಲ್ ಬದಲಿಸಿದಾಗಲೆಲ್ಲ ಮತ್ತೆ ನೋಡಿ.

* ಹಳೇ ಹುಬ್ಬಳ್ಳಿಯ ಕಿರಾಣಿ ಅಂಗಡಿಯಲ್ಲಿ ಬರೇ ‘ಪೆನ್ಸಿಲ್ ಸೆಲ್ ಕೊಡ್ರಿ’ ಅಂದರೆ ಸಾಮಾನ್ಯವಾಗಿ ಸಿಗುವುದು ಅಗ್ಗದ ಸತು-ಇಂಗಾಲದ ಸೆಲ್. ಗೋಡೆ ಗಡಿಯಾರಕ್ಕೆ ಅದು ಸಾಕು, ಜಿಪಿಎಸ್‌ಗೆ ಸಾಲದು. ‘ಆಲ್ಕಲೈನ್’ ಎಂದು ಬರೆದಿದೆಯೇ ಓದಿ ತನ್ನಿ.

* ಸಾಧಾರಣ ರೀಚಾರ್ಜ್ ಸೆಲ್ ಕಪಾಟಿನಲ್ಲಿಟ್ಟರೂ ತಾನಾಗಿಯೇ ಇಳಿಯುತ್ತದೆ. ಹೊರಡುವ ಹಿಂದಿನ ದಿನ ಚಾರ್ಜ್ ಮಾಡಿ.

* ಹಿಮಾಲಯದಂಥ ಚಳಿಯ ಜಾಗಕ್ಕೆ 1.5 ವೋಲ್ಟಿನ ಲಿಥಿಯಂ ಪೆನ್ಸಿಲ್ ಸೆಲ್ ಒಳ್ಳೆಯದು. ಚಳಿಗೆ ಆಲ್ಕಲೈನ್ ಬೇಗ ಸೋಲುತ್ತದೆ. ಆಗ ಯಂತ್ರದಲ್ಲೂ ‘ಲಿಥಿಯಂ’ ಎಂದೇ ಇಡಿ.

* ಹಳೆಯದು-ಹೊಸದು ಜೋಡಿ ಮಾಡಬೇಡಿ. ಆಲ್ಕಲೈನ್ ಸೆಲ್ಲನ್ನು ಚಾರ್ಜರ್‌ಗೆ ಹಾಕಲೇಬೇಡಿ, ಸೋರಬಹುದು, ಒಡೆಯಲೂಬಹುದು.

* ಪ್ರವಾಸ ಮುಗಿದ ಮೇಲೆ ಸೆಲ್ ತೆಗೆದಿಡಿ. ಸೋರಿದರೆ ಯಂತ್ರವೇ ಹಾಳು.

* ತೀರಿದ ಸೆಲ್ ಮುಸುರೆ ಬುಟ್ಟಿಗೆ ಬೇಡ. 2022ರ ಬ್ಯಾಟರಿ ತ್ಯಾಜ್ಯ ನಿಯಮದಂತೆ ಅದನ್ನು ಬೇರೆಯಾಗಿಯೇ ಕೊಡಬೇಕು.

ಇನ್ನೊಂದು ಮಾತು: ಸೆಟ್ಟಿಂಗ್ ಸರಿಮಾಡಿದ ಮಾತ್ರಕ್ಕೆ ಸೆಲ್ಲಿಗೆ ಹೆಚ್ಚು ಬಲ ಬರುವುದಿಲ್ಲ. ಎಷ್ಟು ಉಳಿದಿದೆ ಎನ್ನುವ ಲೆಕ್ಕ ಮಾತ್ರ ಸರಿಯಾಗುತ್ತದೆ. ಆದ್ದರಿಂದ ಬುತ್ತಿಯ ಜತೆಗೆ ಅದೇ ಜಾತಿಯ ಇನ್ನೊಂದು ಜೋಡಿ ಸೆಲ್ ಇಟ್ಟು ಕಳಿಸಿ. ಮಕ್ಕಳು ದಾರಿ ತಪ್ಪದೆ ಮನೆಗೆ ಬರಲಿ, ಅಷ್ಟ ಸಾಕಲ್ರೀ?