ಮಗ್ರಿಬ್‌ಗೆ ಮುಂಚೆ ಗೂಡಿನ ಬಾಗಿಲು: ಹಿತ್ತಲ ಕೋಳಿ ಮತ್ತು ನರಿಯ ಕಾಟ



ವಾರ್ಷಿಕ ವರದಿಯಲ್ಲಿ ಕೋಳಿ, ನರಿಗಳ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ನಾವು ಕೊಡುವ ವಿದ್ಯಾರ್ಥಿವೇತನ ಶುಲ್ಕಕ್ಕೆ ಸರಿಹೋಗುತ್ತದೆ. ನೋಟ್‌ಬುಕ್ಕು, ಬಸ್ ಪಾಸು, ಚಪ್ಪಲಿ, ಪರೀಕ್ಷೆಗೆ ಊರಿಂದ ಊರಿಗೆ ಹೋಗುವ ಖರ್ಚು ಇವೆಲ್ಲ ಮನೆಯ ಮೇಲೇ ಬೀಳುತ್ತವೆ. ಕಮಲಾಪುರದ ಸುತ್ತಲಿನ ಹಳ್ಳಿಗಳಲ್ಲೂ ಕಲಬುರಗಿಯ ಅಂಚಿನ ಬಡಾವಣೆಗಳಲ್ಲೂ ಎಷ್ಟೋ ತಾಯಂದಿರು ಈ ಸಣ್ಣ ಖರ್ಚುಗಳನ್ನು ಹಿತ್ತಲ ಕೋಳಿಗಳಿಂದಲೇ ತೂಗಿಸುತ್ತಾರೆ. ಜವಾರಿ ಕೋಳಿಯೊಂದು ವರ್ಷಕ್ಕೆ ಸುಮಾರು 60 ಮೊಟ್ಟೆ ಇಡುತ್ತದೆ. ಐದು ಕೋಳಿಗೆ 300 ಮೊಟ್ಟೆ. ಒಂದಕ್ಕೆ 10 ರೂಪಾಯಿ ಹಿಡಿದರೂ 3,000 ರೂಪಾಯಿ. ಬಾಗಿಲಿಲ್ಲದ ಗೂಡಾದರೆ ಈ ಲೆಕ್ಕವೆಲ್ಲ ಒಂದೇ ರಾತ್ರಿಯಲ್ಲಿ ಅಳಿಸಿಹೋಗುತ್ತದೆ. ಆದ್ದರಿಂದ ಈ ವಿಷಯ ಮಕ್ಕಳ ಓದಿಗೂ ಸಂಬಂಧಿಸಿದ್ದು.

ಕಳ್ಳ ಯಾರು?

ಕೋಳಿ ಕಾಣೆಯಾದರೆ ನಾವೆಲ್ಲ ಮೊದಲು ದೂರುವುದು ನರಿಯನ್ನು. ನರಿ ಎಂಬ ಒಂದೇ ಹೆಸರಿನಲ್ಲಿ ನಾವು ಎರಡು ಪ್ರಾಣಿಗಳನ್ನು ಕರೆಯುತ್ತೇವೆ. ಒಂದು, ಎಂಟು ಹತ್ತು ಕಿಲೋ ತೂಗುವ, ರಾತ್ರಿ ಗುಂಪಾಗಿ ಊಳಿಡುವ ನರಿ, ಮನೆಮಾತಿನಲ್ಲಿ ಗೀದಡ್. ಇನ್ನೊಂದು, ಎರಡು ಮೂರು ಕಿಲೋ ತೂಕದ, ಬಾಲದ ತುದಿ ಕಪ್ಪಾಗಿರುವ ಸಣ್ಣ ನರಿ, ಅದು ಲೋಮ್ಡಿ. ಬಯಲು ಹೊಲ, ಕುರುಚಲು ಗಿಡಗಳ ನಡುವೆ ಬಿಲ ತೋಡಿ ಬದುಕುವ ಈ ಸಣ್ಣ ನರಿಗೆ ಇಲಿ, ಮಿಡತೆ, ಗೆದ್ದಲು, ಓತಿಕ್ಯಾತ, ಬಾರೆಹಣ್ಣು ಇವೇ ಮುಖ್ಯ ಆಹಾರ. ತೊಗರಿ, ಜೋಳದ ಹೊಲದ ಇಲಿ ತಿನ್ನುವುದರಿಂದ ರೈತನಿಗೆ ಅದರಿಂದ ಉಪಕಾರವೂ ಉಂಟು. ಆದರೆ ಸುಲಭವಾಗಿ ಸಿಕ್ಕುವ ಕೋಳಿಯನ್ನು ಎರಡೂ ಬಿಡುವುದಿಲ್ಲ. ಮರಿ ಸಾಕುವ ಬೇಸಿಗೆಯ ದಿನಗಳಲ್ಲಂತೂ ಹಸಿವು ಹೆಚ್ಚು.

ಬೆಳಿಗ್ಗೆ ಗುರುತು ನೋಡಿ ಕಳ್ಳನನ್ನು ಅಂದಾಜು ಮಾಡಬಹುದು. ನರಿ ಸಾಮಾನ್ಯವಾಗಿ ಕೋಳಿಯನ್ನು ಹೊತ್ತೊಯ್ಯುತ್ತದೆ. ಪುಕ್ಕಗಳು ಹೊಲದ ದಾರಿ ಹಿಡಿದು ಬಿದ್ದಿರುತ್ತವೆ. ಹಲವು ಕೋಳಿಗಳನ್ನು ಕೊಂದು, ತಿನ್ನದೆ ಅಲ್ಲೇ ಬಿಟ್ಟಿದ್ದರೆ ಅದು ಬಹುಮಟ್ಟಿಗೆ ಬೀದಿನಾಯಿಯ ಕೆಲಸ. ಹಾಡುಹಗಲೇ ಮರಿ, ಮೊಟ್ಟೆ ಮಾಯವಾಗುತ್ತಿದ್ದರೆ, ಸಣ್ಣ ಸಂದಿಯಿಂದ ನುಗ್ಗಿ ಕುತ್ತಿಗೆ ಕಚ್ಚಿದ್ದರೆ ಮುಂಗುಸಿ ಇರಬಹುದು. ಕಾಡುಬೆಕ್ಕು ಗೋಡೆ ಹತ್ತಿ ಮೇಲಿನಿಂದ ಇಳಿಯುತ್ತದೆ. ಕಲಬುರಗಿ ನಗರದೊಳಗಿನ ಮನೆಗಳವರು ನರಿಗಿಂತ ಮೊದಲು ನಾಯಿ, ಬೆಕ್ಕು, ಮುಂಗುಸಿಗಳನ್ನು ಅನುಮಾನಿಸುವುದು ಒಳ್ಳೆಯದು. ಕಳ್ಳ ಯಾರೇ ಆಗಿರಲಿ, ಗಟ್ಟಿಯಾದ ಗೂಡೊಂದೇ ಎಲ್ಲರಿಗೂ ಉತ್ತರ.

ಗೂಡು ಹೇಗಿರಬೇಕು?

ನರಿ ಒಳಗೆ ಬರುವುದು ನೆಲ ತೋಡಿ, ಸಡಿಲ ಜಾಲರಿ ಹರಿದು, ಇಲ್ಲವೇ ತೆರೆದ ಬಾಗಿಲಿನಿಂದ. ತೊಗರಿ ಕಟ್ಟಿಗೆಯ ತಟ್ಟಿ ಅದಕ್ಕೆ ತಡೆಯೇ ಅಲ್ಲ. ನೆಲಕ್ಕೆ ನಮ್ಮ ಜಿಲ್ಲೆಯ ಶಹಾಬಾದ್ ಫರ್ಸಿಯೇ ಸಾಕು. ಮನೆ ಕಟ್ಟಿ ಉಳಿದ ಒಡಕು ಫರ್ಸಿಗಳನ್ನು ಸಂದಿ ಬಿಡದೆ ಹಾಸಿದರೆ ತೋಡುವ ಮಾತೇ ಇಲ್ಲ. ಫರ್ಸಿ ಸಿಗದಿದ್ದರೆ ಗೂಡಿನ ಸುತ್ತ ಹೊರಗಡೆಗೆ ಒಂದೂವರೆ ಅಡಿ ಅಗಲ ಜಾಲರಿಯನ್ನು ನೆಲಕ್ಕೆ ಮಲಗಿಸಿ, ಮೇಲೆ ಮಣ್ಣು, ಕಲ್ಲು ಹೇರಬೇಕು. ನರಿ ಗೋಡೆಯ ಬುಡದಲ್ಲೇ ತೋಡಲು ಹೋಗುತ್ತದೆ; ಕೆಳಗೆ ಜಾಲರಿ ಸಿಕ್ಕರೆ ಕೈಬಿಡುತ್ತದೆ.

ಗೋಡೆಗೆ ತೆಳು ತಂತಿಯ ಆರುಮೂಲೆ ಜಾಲರಿ ಬೇಡ. ಬೆಸುಗೆ ಹಾಕಿದ ಗಟ್ಟಿ ಜಾಲರಿ ಇರಲಿ. ಕಣ್ಣು ಅರ್ಧ ಇಂಚಿನದಾದರೆ ಮುಂಗುಸಿಯೂ ನುಗ್ಗದು. ಮೇಲ್ಗಡೆ ಮುಚ್ಚಿರಲೇಬೇಕು. ಇಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುವುದರಿಂದ ಬರೀ ತಗಡು ಹೊದಿಸಿದರೆ ಕೋಳಿ ಸೆಖೆಗೇ ಸಾಯುತ್ತದೆ. ತಗಡಿನ ಮೇಲೆ ಜೋಳದ ಕಣಿಕೆ ಹಾಸಿ, ಎರಡು ಕಡೆ ಗಾಳಿಯಾಡುವಂತೆ ಜಾಲರಿ ಬಿಡಿ. ರಾತ್ರಿ ಮಲಗಲು ಒಂದು ಕೋಳಿಗೆ ಒಂದೂವರೆ ಚದರ ಅಡಿ ಜಾಗ ಇದ್ದರೆ ಸಾಕು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ರೂಪಿಸಿದ ಗಿರಿರಾಜ ತಳಿ ವರ್ಷಕ್ಕೆ 130ರಿಂದ 150 ಮೊಟ್ಟೆ ಕೊಡುತ್ತದೆ. ಆದರೆ ಅದು ಮೈಭಾರದ ಕೋಳಿ. ಜವಾರಿ ಕೋಳಿಯಂತೆ ಹಾರಿ ಮರ ಸೇರುವುದು ಅದಕ್ಕೆ ಕಷ್ಟ. ಗಿರಿರಾಜ ತರುವವರು ಮೊದಲು ಗೂಡು ಕಟ್ಟಿ ಆಮೇಲೆ ಕೋಳಿ ತರಲಿ.

ಇಷ್ಟೆಲ್ಲ ಮಾಡಿ ಬಾಗಿಲು ಮರೆತರೆ ಏನೂ ಮಾಡದಂತೆಯೇ. ಮಗ್ರಿಬ್ ಅಝಾನ್‌ಗೆ ಮುಂಚೆ ಕೋಳಿ ಎಣಿಸಿ ಚಿಲಕ ಹಾಕಬೇಕು; ಬೆಳಿಗ್ಗೆ ಫಜ್ರ್‌ನ ಮಬ್ಬಿನಲ್ಲಿ ಬಿಡದೆ ಹೊತ್ತು ಏರಿದ ಮೇಲೆ ಬಿಡಬೇಕು. ರಮಝಾನಿನಲ್ಲಿ ಇಫ್ತಾರಿನ ಗಡಿಬಿಡಿಗೆ ಇದು ತಪ್ಪಿಹೋಗುವುದುಂಟು. ಮನೆಯ ಒಂದು ಮಗುವಿಗೆ ಈ ಕೆಲಸ ವಹಿಸಿ. ಸತ್ತ ಕೋಳಿ, ಮಾಂಸದ ಚೂರುಗಳನ್ನು ತಿಪ್ಪೆಗೆ ಎಸೆದರೆ ನರಿಗೂ ನಾಯಿಗೂ ನಾವೇ ದಾರಿ ತೋರಿಸಿದಂತೆ, ಆಳವಾಗಿ ಹೂಳಿರಿ. ಹಿತ್ತಲಿಗೆ ಹೊಂದಿಕೊಂಡ ಬಳ್ಳಾರಿ ಜಾಲಿಯ ಪೊದೆ ಸವರಿರಿ.

ವಿಷ, ಉರುಲು ಏಕೆ ಬೇಡ?

ಕೋಳಿ ಕಳೆದುಕೊಂಡ ಸಿಟ್ಟಿನಲ್ಲಿ ಮಾಂಸಕ್ಕೆ ಕೀಟನಾಶಕ ಸವರಿಡುವವರಿದ್ದಾರೆ. ಅದನ್ನು ನರಿಯೇ ತಿನ್ನುತ್ತದೆಂಬ ಖಾತ್ರಿಯಿಲ್ಲ. ನೆರೆಯವರ ನಾಯಿ, ಹದ್ದು, ಕಾಗೆ ತಿನ್ನಬಹುದು. ಆಡುವ ಮಗು ಮುಟ್ಟಬಹುದು. ಬೇಲಿಗೆ ಕರೆಂಟು ಕೊಡುವುದಂತೂ ಮನುಷ್ಯರ ಪ್ರಾಣಕ್ಕೇ ಕುತ್ತು. ನರಿ ಮುಖ ನೋಡಿದರೆ ಅದೃಷ್ಟ ಎಂಬ ಮೂಢನಂಬಿಕೆಯಿಂದ ಅದನ್ನು ಹಿಡಿದಿಡುವುದೂ ತಪ್ಪು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಎರಡೂ ಬಗೆಯ ನರಿಗಳಿಗೆ ರಕ್ಷಣೆ ಕೊಟ್ಟಿದೆ. ಕೊಲ್ಲುವುದು, ಹಿಡಿಯುವುದು ಜೈಲುಶಿಕ್ಷೆಯ ಅಪರಾಧ. ಐದು ಕೋಳಿಯ ಸಿಟ್ಟಿಗೆ ಮನೆಯ ದುಡಿಯುವ ಕೈ ಕೋರ್ಟು ಅಲೆಯುವಂತಾದರೆ ಮಗುವಿನ ಓದು ಅಲ್ಲಿಗೆ ನಿಲ್ಲುತ್ತದೆ.

ನರಿ ಹಗಲಿನಲ್ಲೇ ಅಂಜಿಕೆಯಿಲ್ಲದೆ ಜನರ ಮೇಲೆ ಬರುತ್ತಿದ್ದರೆ ಹುಚ್ಚು ಹಿಡಿದಿರಬಹುದು. ಹತ್ತಿರ ಹೋಗದೆ ಅರಣ್ಯ ಇಲಾಖೆಗೆ ತಿಳಿಸಿ. ಕಚ್ಚಿದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಹಾಕಿಸಿ.

ಧರ್ಮದ ಮಾತು

ನರಿ ಕಚ್ಚಿದ ಕೋಳಿಯನ್ನು ತಿನ್ನಬಹುದೇ ಎಂದು ಕೇಳುವವರುಂಟು. ಕಾಡುಪ್ರಾಣಿ ತಿಂದುಬಿಟ್ಟದ್ದು ನಿಷಿದ್ಧ, ಜೀವವಿರುವಾಗಲೇ ಝಬಹ್ ಮಾಡಿದ್ದರ ಹೊರತು ಎಂದು ಪವಿತ್ರ ಕುರ್‌ಆನಿನ ಅಲ್‌ಮಾಇದಾ ಅಧ್ಯಾಯದ 3ನೇ ಆಯತ್ ತಿಳಿಸುತ್ತದೆ. ಸತ್ತು ಬಿದ್ದದ್ದನ್ನು ಹೂಳಬೇಕು. ಕಚ್ಚಿದ ಪ್ರಾಣಿಗೆ ಹುಚ್ಚಿನ ಅನುಮಾನವಿದ್ದರೆ, ಜೀವವಿದ್ದರೂ ತಿನ್ನದಿರುವುದೇ ಕ್ಷೇಮ.

ಒಂಟೆಯನ್ನು ಕಟ್ಟಿ, ಆಮೇಲೆ ಅಲ್ಲಾಹನ ಮೇಲೆ ಭರವಸೆ ಇಡು ಎಂದು ಪ್ರವಾದಿವರ್ಯರು(ಸ) ಹೇಳಿದ್ದನ್ನು ನಾವೆಲ್ಲ ಕೇಳಿದ್ದೇವೆ. ಕತ್ತಲಾದಾಗ ಅಲ್ಲಾಹನ ಹೆಸರು ಹೇಳಿ ಬಾಗಿಲು ಮುಚ್ಚಿರಿ ಎಂಬ ಉಪದೇಶವೂ ಹದೀಸಿನಲ್ಲಿದೆ. ಬೆಕ್ಕನ್ನು ಕೂಡಿಹಾಕಿ ಹಸಿವಿನಿಂದ ಸಾಯಿಸಿದ ಹೆಂಗಸಿಗೆ ಆದ ಶಿಕ್ಷೆಯ ಪ್ರಸಂಗವೂ ನಮಗೆ ಗೊತ್ತು. ನಮ್ಮ ಸೊತ್ತನ್ನು ಕಾಯುವುದು ನಮ್ಮ ಹೊಣೆ. ಮೂಕಪ್ರಾಣಿಯನ್ನು ನರಳಿಸಿ ಕೊಲ್ಲುವ ಹಕ್ಕು ನಮಗಿಲ್ಲ.

ದಾನಿಗಳಲ್ಲಿ ನಮ್ಮದೊಂದು ಮನವಿ. ಬಡ ಕುಟುಂಬಕ್ಕೆ ಕೋಳಿ ಕೊಡಿಸುವ ಮನಸ್ಸಿದ್ದರೆ ಎರಡು ಕೋಳಿ ಕಡಿಮೆ ಕೊಟ್ಟು, ಆ ಹಣದಲ್ಲಿ ಜಾಲರಿ, ಚಿಲಕ ಕೊಡಿಸಿ. ಗೂಡಿಲ್ಲದ ಮನೆಗೆ ಕೊಟ್ಟ ಕೋಳಿಯ ಸದಕಾ ನರಿಯ ಹೊಟ್ಟೆ ಸೇರುತ್ತದೆ. ಗೂಡಿದ್ದ ಮನೆಯಲ್ಲಿ ಅದೇ ಕೋಳಿ ಮಗುವಿನ ಬಸ್ ಪಾಸಾಗುತ್ತದೆ. ವಿದ್ಯಾರ್ಥಿವೇತನದ ಅರ್ಜಿ ತರುವ ತಾಯಂದಿರೂ ಗೂಡು ಕಟ್ಟುವ ಬಗ್ಗೆ ನಮ್ಮನ್ನು ಸಂಕೋಚವಿಲ್ಲದೆ ಕೇಳಬಹುದು.